ರಸ್ತೆಯ ರೂಢಿ ಊರಿಗೊಂದು, ಬ್ರೇಕಿನ ಲೆಕ್ಕ ಒಂದೇ

ಬೆಂಗಳೂರಿಗೆ ಹೋಗಿ ಬಂದ ನಮ್ಮ ಭಾಗದವರು ಮೊದಲು ಹೇಳುವ ಮಾತು, ‘ಅಲ್ಲಿ ಗಾಡಿ ಹೊಡಿಯೂದು ಭಾಳ ಕಷ್ಟರೀ’ ಎಂಬುದು. ಹೆಜ್ಜೆಗೊಂದು ಸಿಗ್ನಲ್ಲು, ಎಡಬಲ ನುಗ್ಗುವ ಆಟೋಗಳು, ಕಿವಿ ಕಿವುಡಾಗಿಸುವ ಹಾರ್ನು. ಅದೇ ಜನ ಸೇಡಂ ದಾಟಿ ಕಲಬುರಗಿ ರಸ್ತೆಗೆ ಬಿದ್ದೊಡನೆ ನಿರಾಳವಾಗಿ ಉಸಿರು ಬಿಟ್ಟು ವೇಗ ಏರಿಸುತ್ತಾರೆ. ಗದ್ದಲದ ರಸ್ತೆ ಅಪಾಯದ್ದು, ಖಾಲಿ ರಸ್ತೆ ಸುರಕ್ಷಿತ ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿ ಕುಳಿತ ನಂಬಿಕೆ.

ಅಂಕಿಅಂಶಗಳು ಹೇಳುವುದೇ ಬೇರೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಮೂವರಿಗೆ ಇಬ್ಬರಂತೆ ಪ್ರಾಣ ಬಿಟ್ಟದ್ದು ಗ್ರಾಮೀಣ ಪ್ರದೇಶದಲ್ಲಿ. ಹತ್ತರಲ್ಲಿ ಏಳು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಹೀಗೇಕೆ? ಇದಕ್ಕೆ ಉತ್ತರ ನಮ್ಮ ಮಕ್ಕಳ ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ.

ಗೋಡೆಯಿಂದ ಬೀಳುವುದು, ಮಹಡಿಯಿಂದ ಬೀಳುವುದು

2023ರ ಟಾಮ್‌ಟಾಮ್ ಸಂಸ್ಥೆಯ ಸಮೀಕ್ಷೆಯಲ್ಲಿ, ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷ ಬೇಕಾಗುತ್ತಿತ್ತು. ಅಂದರೆ ಗಂಟೆಗೆ ಸುಮಾರು 21 ಕಿ.ಮೀ. ವೇಗ. ನಮ್ಮ ರಸ್ತೆಗಳಲ್ಲಿ ಮೋಟಾರ್ ಸೈಕಲ್ 60 ಕಿ.ಮೀ. ವೇಗದಲ್ಲಿ ಓಡುವುದು ಮಾಮೂಲು. ವೇಗ ಮೂರು ಪಟ್ಟಾದರೆ ಚಲನಶಕ್ತಿ ಮೂರಲ್ಲ, ಒಂಬತ್ತು ಪಟ್ಟಾಗುತ್ತದೆ. 20 ಕಿ.ಮೀ. ವೇಗದಲ್ಲಿ ಗುದ್ದುವುದು ಒಂದೂವರೆ ಮೀಟರ್ ಎತ್ತರದ ಗೋಡೆಯಿಂದ ಬಿದ್ದಂತೆ. 60ರಲ್ಲಿ ಗುದ್ದುವುದು 14 ಮೀಟರ್, ಅಂದರೆ ನಾಲ್ಕು ಮಹಡಿಗೂ ಮೇಲಿನಿಂದ ಬಿದ್ದಂತೆ. ಮೊದಲನೆಯದರಲ್ಲಿ ಬಹುಮಟ್ಟಿಗೆ ಮೊಣಕಾಲು ತರಚುತ್ತದೆ. ಎರಡನೆಯದರಲ್ಲಿ ಬದುಕಿ ಉಳಿಯುವುದೇ ಕಷ್ಟ.

ನಿಲ್ಲುವ ದೂರದ ಲೆಕ್ಕವೂ ಹೀಗೆಯೇ. ಅಡ್ಡ ಬಂದ ಎಮ್ಮೆಯನ್ನು ಕಂಡು ಬ್ರೇಕು ಒತ್ತಲು ನಮಗೆ ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡಿನಲ್ಲೇ 60 ಕಿ.ಮೀ. ವೇಗದ ಗಾಡಿ 17 ಮೀಟರ್ ಮುಂದೆ ಹೋಗಿರುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕು ಹಿಡಿದರೂ ಇನ್ನೂ 20 ಮೀಟರ್ ಬೇಕು. ಒಟ್ಟು 37 ಮೀಟರ್. 80ರಲ್ಲಿ ಇದೇ 57 ಮೀಟರ್ ಆಗುತ್ತದೆ. 20ರಲ್ಲಾದರೆ 8 ಮೀಟರ್ ಸಾಕು.

ನಮ್ಮ ರಸ್ತೆಯ ಗುಣ

ಊರಿಂದೂರಿಗೆ ಓಡಿಸುವ ರೀತಿ ಬದಲಾಗಲು ಜನರ ಸ್ವಭಾವಕ್ಕಿಂತ ರಸ್ತೆಯೇ ಹೆಚ್ಚು ಕಾರಣ. ಮಹಾನಗರದಲ್ಲಿ ದಟ್ಟಣೆಯೇ ಲಗಾಮು. ನಮ್ಮಲ್ಲಿ ಲಗಾಮು ನಮ್ಮ ಕೈಯಲ್ಲಿದೆ. ಅದರ ಮೇಲೆ ಇಲ್ಲಿಯ ವಿಶೇಷಗಳು ಬೇರೆ. ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟ್ ಲಾರಿಗಳ ಸಾಲು. ಶಹಾಬಾದ್, ಚಿತ್ತಾಪುರದ ಕಡೆ ಹಾಸುಗಲ್ಲು ಹೇರಿದ ವಾಹನಗಳು. ಚಿಂಚೋಳಿಯಲ್ಲಿ ಗುಡ್ಡಗಾಡಿನ ತಿರುವುಗಳು. ತೊಗರಿ ರಾಶಿಯ ಕಾಲದಲ್ಲಂತೂ ಕೆಲವೆಡೆ ರಸ್ತೆಯೇ ಕಣವಾಗುತ್ತದೆ. ಹೊಟ್ಟಿನ ಮೇಲೆ ಚಕ್ರ ಜಾರುತ್ತದೆ. ದೂಳು ಕುಳಿತ ರಸ್ತೆಗೆ ಮೊದಲ ಮಳೆ ಬಿದ್ದಾಗಲೂ ಹಾಗೆಯೇ: ಘರ್ಷಣೆ ಕಡಿಮೆಯಾಗಿ ನಿಲ್ಲುವ ದೂರ ಬೆಳೆಯುತ್ತದೆ.

ರಾತ್ರಿಯಂತೂ ಇನ್ನೂ ಕಠಿಣ. ತಗ್ಗಿಸಿದ ದೀಪದ ಬೆಳಕು ಮುಂದಕ್ಕೆ ಬೀಳುವುದು ಸುಮಾರು 40-50 ಮೀಟರ್. ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ರಸ್ತೆಯಲ್ಲಿ ನಿಂತಿದೆ ಎಂದುಕೊಳ್ಳಿ. 80ರ ವೇಗದವನಿಗೆ ನಿಲ್ಲಲು 57 ಮೀಟರ್ ಬೇಕು. ಅದು ಕಂಡ ಕ್ಷಣಕ್ಕೇ ಅವನಿಗೆ ತಡವಾಗಿರುತ್ತದೆ. ಎಷ್ಟೇ ಪಳಗಿದ ಚಾಲಕನಾದರೂ ಈ ಲೆಕ್ಕ ಬದಲಾಗದು.

ರೂಢಿ ಬದಲಾಗುತ್ತದೆ

‘ನಮ್ಮ ಮಂದಿ ಹಿಂಗೇ’ ಎಂದು ಕೈಚೆಲ್ಲಬೇಕಾಗಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳ ಪ್ರವೇಶ ನಿಂತಿತು. ಜೊತೆಗೆ ವೇಗ ಅಳೆಯುವ ಕ್ಯಾಮೆರಾಗಳೂ ಬಂದವು. 2024ರಲ್ಲಿ ಅಲ್ಲಿಯ ಸಾವುಗಳು ಗಣನೀಯವಾಗಿ ಇಳಿದವು. ಚಾಲಕರು ಅವರೇ, ನಡವಳಿಕೆ ಮಾತ್ರ ಬೇರೆಯಾಯಿತು. ನಮ್ಮ ಊರುಗಳ ನಡುವಿನ ರಸ್ತೆಗೆಲ್ಲ ಕ್ಯಾಮೆರಾ ಬರುವುದು ದೂರದ ಮಾತು. ಆ ಕೆಲಸವನ್ನು ಮನೆಯಲ್ಲೇ ಮಾಡಬೇಕು.

ಪಾಲಕರಿಗೊಂದು ಮಾತು. ಗೇರಿನ ಬೈಕು ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಸಿನ ಮಕ್ಕಳು ವಾಹನ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ‘ಇಲ್ಲೇ ಕಿರಾಣಿ ಅಂಗಡಿಗೆ’ ಎಂದು ಕೀಲಿ ಕೊಡುವ ಮುನ್ನ ಇದನ್ನು ನೆನೆಯಿರಿ. ಹೆಲ್ಮೆಟ್ ಕೂಡ ಬೆಂಗಳೂರಿನ ಪೊಲೀಸರಿಗಾಗಿ ಇರುವ ಟೋಪಿಯಲ್ಲ. ನಿಧಾನಗತಿಯ ಬೆಂಗಳೂರಿಗಿಂತ ವೇಗದ ನಮ್ಮ ರಸ್ತೆಗೇ ಅದು ಹೆಚ್ಚು ಬೇಕು, ಹಿಂದೆ ಕುಳಿತವರಿಗೂ ಬೇಕು.

ವಿದ್ಯಾರ್ಥಿಗಳಿಗೊಂದು ಪ್ರಯೋಗ. ಗೆಳೆಯನೊಬ್ಬ 30 ಸೆಂ.ಮೀ. ಅಳತೆಪಟ್ಟಿಯನ್ನು ಲಂಬವಾಗಿ ಹಿಡಿಯಲಿ. ಅದರ ಸೊನ್ನೆಯ ಬಳಿ ನಿಮ್ಮ ಬೆರಳುಗಳನ್ನು ತೆರೆದಿಡಿ. ಅವನು ಹೇಳದೆ ಕೈಬಿಟ್ಟಾಗ ಹಿಡಿಯಿರಿ. 20 ಸೆಂ.ಮೀ. ಗುರುತಿನಲ್ಲಿ ಸಿಕ್ಕರೆ ನಿಮ್ಮ ಪ್ರತಿಕ್ರಿಯೆಯ ಕಾಲ 0.2 ಸೆಕೆಂಡು. ಮೈಯೆಲ್ಲ ಕಣ್ಣಾಗಿ ಕಾಯುತ್ತಿರುವಾಗಲೇ ಇಷ್ಟು. ಮೊಬೈಲಿನಲ್ಲಿ ಮಾತಾಡುತ್ತ ಮತ್ತೊಮ್ಮೆ ಹಿಡಿದು ನೋಡಿ. ಆಮೇಲೆ ಶಾಲೆಯ ಮೈದಾನದಲ್ಲಿ ಸುಣ್ಣದಿಂದ 37 ಮೀಟರ್ ಅಳೆದು ಗೆರೆ ಹಾಕಿ, ಆ ತುದಿಯಿಂದ ಈ ತುದಿಗೆ ನಡೆದು ಬನ್ನಿ. 60 ಕಿ.ಮೀ. ವೇಗದ ಬೈಕು ನಿಲ್ಲಲು ಬೇಕಾದ ಜಾಗ ಅದು. ಸಂಜೆ ನಿಮ್ಮ ತಂದೆಯವರನ್ನೂ ಕರೆತಂದು ಆ ಗೆರೆ ತೋರಿಸಿ.