ಹಳೆಯ ಹಾಡು, ಹೊಸ ದನಿ: ದುಡ್ಡು ಯಾರಿಗೆ?

ಪ್ರಶ್ನೆ: ಹಳೆಯ ಪಾಪ್ ಹಾಡನ್ನು ಬೇರೊಬ್ಬರು ಹೊಸದಾಗಿ ಹಾಡಿದರೆ ಮೊದಲು ಹಾಡಿದವರಿಗೆ ಏನಾದರೂ ಸಿಗುತ್ತದೆಯೇ?

ಉತ್ತರ: ಹಾಡಿದ್ದಕ್ಕಲ್ಲ, ಬರೆದಿದ್ದರೆ ಸಿಗುತ್ತದೆ. ಅಮೆರಿಕದಲ್ಲಿ ಒಮ್ಮೆ ಬಿಡುಗಡೆಯಾದ ಹಾಡನ್ನು ಯಾರು ಬೇಕಾದರೂ ಮತ್ತೆ ಹಾಡಿ ಹೊರತರಬಹುದು. ಮೂಲ ಧ್ವನಿಮುದ್ರಣ ಬಳಸುವಂತಿಲ್ಲ, ರಚನಕಾರರಿಗೆ ರಾಯಲ್ಟಿ ತಪ್ಪಿಸುವಂತಿಲ್ಲ. ಉದಾಹರಣೆಗೆ, ಗಾಯಕಿ ಟ್ರೇಸಿ ಚಾಪ್‌ಮನ್ 1988ರಲ್ಲಿ ತಾವೇ ಬರೆದು ಹಾಡಿದ ‘ಫಾಸ್ಟ್ ಕಾರ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೇರಿತ್ತು. 2023ರಲ್ಲಿ ಕಂಟ್ರಿ ಗಾಯಕ ಲ್ಯೂಕ್ ಕೋಂಬ್ಸ್ ಹಾಡಿದಾಗ 2ಕ್ಕೆ ಹೋಯಿತು. ಕೋಂಬ್ಸ್ ಅದನ್ನು ಗಂಡಿನ ಬಾಯಿಗೆ ಒಗ್ಗಿಸಲು ಹೋಗಲಿಲ್ಲ; ನಾಯಕಿ ಅಂಗಡಿಯ ಕೌಂಟರಿನ ಹುಡುಗಿ ಎಂಬ ಮಾತನ್ನೂ ಹಾಗೇ ಉಳಿಸಿಕೊಂಡರು. (ರೀಮಿಕ್ಸ್ ಹೆಸರಲ್ಲಿ ಡೋಲು ಬಡಿಯುವವರು ಗಮನಿಸಲಿ!) ಅದೇ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ‘ವರ್ಷದ ಹಾಡು’ ಪ್ರಶಸ್ತಿ ರಚನಕಾರರಿಗೆ ಸಲ್ಲುವುದರಿಂದ ಅದು ಬಂದದ್ದು ಚಾಪ್‌ಮನ್‌ಗೆ. ಅದನ್ನು ಪಡೆದ ಮೊದಲ ಕಪ್ಪು ಗೀತರಚನಕಾರರು ಅವರು.