ಬೆಟ್ಟದ ಬೀಜ, ಅಂಗಡಿಯ ಪುಡಿ

ಮುಳ್ಳೂರಿನ ನೆಲದಲ್ಲಿ ಕಾಫಿ ಬರುವುದಿಲ್ಲ. ಇದು ಕಾವೇರಿ ದಂಡೆಯ ಊರು. ನೀರಿಗೇನೂ ಕೊರತೆಯಿಲ್ಲ, ಆದರೆ ಅರೇಬಿಕಾ ಕಾಫಿಗೆ ಬೇಕಾದ ಎತ್ತರವೂ ತಂಪೂ ಇಲ್ಲಿಲ್ಲ. ಎರಡೂ ಇರುವುದು ತೆಂಕಲ ದಿಕ್ಕಿನ ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ. ಅಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಕಾಫಿ ಬೆಳೆಯುತ್ತಿದ್ದಾರೆ. ಇಷ್ಟು ಹತ್ತಿರವಿದ್ದೂ ಪೇಟೆಯ ಕಾಫಿಪುಡಿ ಅಂಗಡಿಗೆ ಹೋಗಿ ಬೆಟ್ಟದ ಕಾಫಿ ಕೇಳಿದರೆ ಬರುವ ಉತ್ತರ ಒಂದೇ: "ಪೀಬೆರಿ ಕೊಡ್ಲಾ, ಪ್ಲಾಂಟೇಷನ್ ಎ ಕೊಡ್ಲಾ ಸಾ? ಚಿಕೋರಿ ಎಷ್ಟ್ ಹಾಕ್ಲಿ?"

ಈ ಪ್ರಶ್ನೆಯಲ್ಲಿ ಬೀಜ ಯಾವ ಬೆಟ್ಟದ್ದು ಎಂಬ ಮಾತೇ ಇಲ್ಲ. ಪ್ಲಾಂಟೇಷನ್ ಎಂದರೆ ಯಾವುದೋ ದೊಡ್ಡ ಎಸ್ಟೇಟಿನ ಮಾಲು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಣ್ಣಿನ ಸಿಪ್ಪೆ ಸುಲಿದು, ನೀರಲ್ಲಿ ತೊಳೆದು ಒಣಗಿಸಿದ ಅರೇಬಿಕಾಗೆ ವ್ಯಾಪಾರದಲ್ಲಿ ಇರುವ ಹೆಸರು ಅದು. ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದರೆ ಅದು ಚೆರಿ. ಇನ್ನು ಎ, ಬಿ, ಸಿ ಎಂಬವು ಗಾತ್ರದ ಗುರುತು. ಒಣಗಿದ ಮಾಲನ್ನು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜವನ್ನು ಜರಡಿಗೆ ಹಾಕುತ್ತಾರೆ, 6.65 ಮಿ.ಮೀ. ತೂತಿನ ಜರಡಿಯಲ್ಲಿ ನಿಂತದ್ದು ಎ, ಅದರಲ್ಲಿ ಇಳಿದು 6 ಮಿ.ಮೀ. ಜರಡಿಯಲ್ಲಿ ನಿಂತದ್ದು ಬಿ. ಪೀಬೆರಿ ಎಂದರೆ ಎರಡು ಬೀಜ ಇರಬೇಕಾದ ಹಣ್ಣಿನಲ್ಲಿ ಒಂದೇ ಬೆಳೆದು ಗುಂಡಗಾದದ್ದು. ಉರುಳಿಕೊಂಡು ಸಮನಾಗಿ ಹುರಿಯುತ್ತದೆ ಎಂಬ ಅನುಕೂಲವೇನೋ ಇದೆ. ಅದಕ್ಕೆ ಕೇಳುವ ಹೆಚ್ಚಿನ ದುಡ್ಡಿಗೆ ತಕ್ಕ ರುಚಿ ಇದೆ ಎಂದು ನನಗಂತೂ ಅನ್ನಿಸಿಲ್ಲ. ಒಂದೇ ಗಾತ್ರದ ಬೀಜವಿದ್ದರೆ ಹದವಾಗಿ ಹುರಿಯಬಹುದು, ದರ್ಜೆಯ ಉಪಯೋಗ ಅಷ್ಟೇ. ಚೆನ್ನಾಗಿ ಮಾಡಿದ ಬಿ ದರ್ಜೆ, ಕೆಟ್ಟದಾಗಿ ಮಾಡಿದ ಎ ದರ್ಜೆಗಿಂತ ಯಾವತ್ತೂ ಮೇಲು.

ಹಾಗಾದರೆ ರುಚಿ ಎಲ್ಲಿಂದ ಬರುತ್ತದೆ? ಮೊದಲು ಬೆಟ್ಟದಿಂದ. ಸಾವಿರ ಮೀಟರಿನಿಂದ ಮೇಲೆ ತಂಪು ಹೆಚ್ಚು, ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಬಾಯಲ್ಲಿ ಹಣ್ಣಿನ ಹುಳಿಯಂಥ ಒಂದು ಚುರುಕು ಉಳಿಯುವುದು ಇಂಥ ಬೀಜದಲ್ಲೇ. ಕಾಫಿಯ ಇನ್ನೊಂದು ಬಗೆಯಾದ ರೊಬಸ್ಟಾ ತಗ್ಗಿನಲ್ಲೂ ಸೆಕೆಯಲ್ಲೂ ಬರುತ್ತದೆ. ಅದರಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು, ಕಹಿಯೂ ಜಾಸ್ತಿ, ಡಿಕಾಕ್ಷನ್ ಮಂದ. ಅರೇಬಿಕಾದೊಳಗೂ ತಳಿಗಳ ಭೇದವಿದೆ. ನಮ್ಮ ರಾಜ್ಯದ ತೋಟಗಳಲ್ಲಿ ಬಾಯಿಂದ ಬಾಯಿಗೆ ಓಡಾಡುವ ಹೆಸರು 795. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಬಿಡುಗಡೆ ಮಾಡಿದ ತಳಿ, ಕೆಂಟ್ ಎಂಬ ಹಳೆಯ ತಳಿಯ ಸಂಬಂಧವುಳ್ಳದ್ದು. ಕಾಂಡ ಕೊರೆಯುವ ಬೋರರ್ ಹುಳಕ್ಕೆ ಸಿಕ್ಕಿ ಗಿಡ ಹೋಗುತ್ತದೆ ಎಂಬ ದೂರು ಇದ್ದರೂ ರುಚಿಗಾಗಿ ಅದನ್ನು ಬಿಡದವರು ಬಹಳ ಮಂದಿ.

ಬಿಳಿಗಿರಿ ಸಾಲಿನಲ್ಲಿ ಅತ್ತಿಕಾನೆ, ಹೊನ್ನಮೇಟಿ ತೋಟಗಳು ಹಳೆಯವು. 19ನೇ ಶತಮಾನದ ಕೊನೆಯಲ್ಲಿ ಮೋರಿಸ್ ಎಂಬ ಬ್ರಿಟಿಷ್ ಮನೆತನದವರು ಕಾಡು ತೆಗೆಸಿ ಹಾಕಿಸಿದವು. ಈಗ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಪೋಡುಗಳಲ್ಲಿ, ಅಂದರೆ ಅವರ ಹಾಡಿಗಳಲ್ಲಿ, ಅವರದೇ ಕಾಫಿಯೂ ಇದೆ. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಅವರ ಬೇಟೆಯೂ ನಿಂತಿತು, ಕಾಡಿನಲ್ಲಿ ಜಾಗ ಬದಲಿಸುತ್ತ ರಾಗಿ ಬಿತ್ತುವ ಬೇಸಾಯವೂ ನಿಂತಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸೋಲಿಗರಿಗೆ ಸಮುದಾಯದ ಹಕ್ಕುಪತ್ರಗಳೂ ಸಿಕ್ಕವು. ಈಗ ಅವರ ಮನೆಯ ಸುತ್ತ ಮರದ ನೆರಳಲ್ಲಿ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು: ಕೈಗೆ ನಾಲ್ಕು ಕಾಸು ಬರುವ ಬೆಳೆ ಇದು.

ಈ ಬೆಟ್ಟಕ್ಕೆ ಮುಂಗಾರೂ ಹಿಂಗಾರೂ ಎರಡೂ ಸುರಿಯುತ್ತವೆ. ಗಿಡಕ್ಕೆ ಒಳ್ಳೆಯದೇ. ಒಣಗಿಸುವವರಿಗೆ ಮಾತ್ರ ಸಂಕಟ, ಏಕೆಂದರೆ ಅರೇಬಿಕಾ ಹಣ್ಣು ಕೊಯ್ಲಿಗೆ ಬರುವ ನವೆಂಬರಿನಲ್ಲಿ ಹಿಂಗಾರು ಇನ್ನೂ ಮುಗಿದಿರುವುದಿಲ್ಲ. ಕಾಫಿ ಕೆಡುವುದು ಹೆಚ್ಚಾಗಿ ಕೊಯ್ಲಿನಿಂದ ಒಣಗಿಸುವವರೆಗಿನ ಈ ಹಂತದಲ್ಲೇ. ಕೆಂಪು ಹಣ್ಣನ್ನೇ ಆರಿಸಿ ಕೊಯ್ಯಬೇಕು; ಹಸಿರು ಕಾಯಿ ಸೇರಿದರೆ ಲೋಟದಲ್ಲಿ ಒಗರು. ಕೊಯ್ದ ದಿನವೇ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಬೇಕು. ಅಂಟು ಬಿಡುವಷ್ಟು ಹೊತ್ತು ಮಾತ್ರ ಹುಳಿಬರಿಸಿ ತೊಳೆಯಬೇಕು. ಹೊತ್ತು ಮೀರಿದರೆ ಕಾಫಿಗೆ ಕೊಳೆತ ವಾಸನೆ ಬರುತ್ತದೆ, ಎಷ್ಟು ಹುರಿದರೂ ಅದು ಹೋಗದು. ಆಮೇಲೆ ಕಣದಲ್ಲಿ ಹರಡಿ, ಕೈಯಾಡಿಸುತ್ತ, ತೇವ ಶೇ 10ರ ಆಸುಪಾಸಿಗೆ ಇಳಿಯುವವರೆಗೆ ಒಣಗಿಸಬೇಕು. ಪಲ್ಪರೂ ಸಿಮೆಂಟಿನ ಕಣವೂ ಇಲ್ಲದ ಸಣ್ಣ ಬೆಳೆಗಾರರು ಅಂಗಳದಲ್ಲೇ ಚೆರಿ ಮಾಡುತ್ತಾರೆ. ಮಣ್ಣಿನ ಮೇಲೆ ಒಣಗಿದ್ದಕ್ಕೆ ಮಣ್ಣಿನ ವಾಸನೆ ತಪ್ಪಿದ್ದಲ್ಲ. ಅದೇ ಹಣ್ಣನ್ನು ನೆಲದಿಂದ ಎತ್ತರಿಸಿ ಕಟ್ಟಿದ ಬಲೆಯ ಮಂಚದ ಮೇಲೆ ಒಣಗಿಸಿದರೆ ಚೆರಿಯಲ್ಲೂ ಬೆಲ್ಲದಂಥ ಸಿಹಿ ಬರುತ್ತದೆ. ಚೆರಿ ಎಂದ ಕೂಡಲೇ ಕಡಿಮೆ ಮಾಲು ಎಂದು ತಳ್ಳಿಹಾಕಬೇಡಿ.

ಇಷ್ಟು ಪಾಡುಪಟ್ಟ ಬೀಜ ಚೀಲ ಸೇರಿ ಕ್ಯೂರಿಂಗ್‌ಗೆ ಹೋದ ಮೇಲೆ ಹೆಸರು ಕಳೆದುಕೊಳ್ಳುತ್ತದೆ. ಕೊಡಗಿನದು, ಚಿಕ್ಕಮಗಳೂರಿನದು, ಬಿಳಿಗಿರಿಯದು ಒಂದೇ ರಾಶಿ. ರಫ್ತಿಗೆ ಹೆಸರಾದ 'ಮೈಸೂರು ನಗೆಟ್ಸ್' ಎಂಬ ದಪ್ಪ ಬೀಜದ ಮಾಲಿಗೆ ಆರಿಸುವ ಸೀಮೆಗಳಲ್ಲಿ ಬಿಳಿಗಿರಿಯೂ ಒಂದು ಎಂಬುದು ಇಲ್ಲಿಯವರಿಗೇ ಅಷ್ಟಾಗಿ ಗೊತ್ತಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಸಾಲಿನಲ್ಲಿ ಬಿಳಿಗಿರಿ ಇರಲಿಲ್ಲ. ಹಾಗಾಗಿ ಬೆಟ್ಟದ ಕಾಫಿಯೇ ಬೇಕೆಂದರೆ ಪೊಟ್ಟಣದ ಮೇಲೆ ಊರಿನದೋ ತೋಟದ್ದೋ ಹೆಸರು ಬರೆದು ಮಾರುವವರನ್ನೇ ಹುಡುಕಬೇಕು. ಬರೀ 'ಶುದ್ಧ ಫಿಲ್ಟರ್ ಕಾಫಿ' ಎಂದು ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ಹಸಿಬೀಜ ಕೊಳ್ಳುವವರು ಒಂದು ಹಿಡಿಯನ್ನು ಬಿಳಿ ತಟ್ಟೆಗೆ ಸುರಿದು ಬೆಳಕಿಗೆ ಹಿಡಿಯಿರಿ. ತೊಳೆದ ಅರೇಬಿಕಾ ನೀಲಿಮಿಶ್ರಿತ ಹಸಿರಾಗಿರಬೇಕು. ಬಿಳಿಚಿಕೊಂಡಿದ್ದರೆ ಹಳೆಯ ಮಾಲು. ಸೂಜಿಮೊನೆಯಷ್ಟು ತೂತುಗಳು ಕಂಡರೆ ಅದು ಕಾಯಿಕೊರಕ ಹುಳದ ಕೆಲಸ. ಕಪ್ಪಗಾದವು, ಒಡೆದವು ಎಷ್ಟಿವೆ ನೋಡಿ. ಒಂದೆರಡಿದ್ದರೆ ಚಿಂತೆಯಿಲ್ಲ, ತಟ್ಟೆಯ ತುಂಬ ಅವೇ ಕಂಡರೆ ಬೇಡ. ಮೂಗಿನ ಹತ್ತಿರ ತಂದಾಗ ಒಣಹುಲ್ಲಿನ ವಾಸನೆ ಇದ್ದರೆ ಸರಿ, ಗೋಣಿಚೀಲದ ಮುಗ್ಗು ಬಂದರೆ ಅಲ್ಲಿಗೆ ಬಿಟ್ಟುಬಿಡಿ.

ಹುರಿದದ್ದನ್ನು ಕೊಳ್ಳುವವರಿಗೆ ಹುರಿದ ತಾರೀಖೇ ಮುಖ್ಯ. ಪೊಟ್ಟಣದ ಮೇಲೆ ಅದಿಲ್ಲದೆ ಬರೀ ಕಡೆಯ ತಾರೀಖು ಇದ್ದರೆ ನನಗೆ ಅನುಮಾನ. ಬೀಜ ಮೂರ್ನಾಲ್ಕು ವಾರ ಚೆನ್ನಾಗಿರುತ್ತದೆ. ಪುಡಿ ಮಾಡಿಸಿದರೆ ಪರಿಮಳ ಕೆಲವೇ ದಿನದಲ್ಲಿ ಇಳಿಯುತ್ತದೆ. ಕಾಲು ಕೆ.ಜಿ.ಗಿಂತ ಹೆಚ್ಚು ಒಮ್ಮೆಗೆ ಬೇಡ. ಗಾಳಿಯಾಡದ ಡಬ್ಬಿ ಸಾಕು. ಫ್ರಿಜ್ಜಿನಲ್ಲಿಟ್ಟರೆ ತೇವವೂ ನಿನ್ನೆಯ ಸಾರಿನ ವಾಸನೆಯೂ ಸೇರಿಕೊಳ್ಳುತ್ತವೆ. ಕರ್ರಗೆ, ಎಣ್ಣೆ ಜಿನುಗುವಷ್ಟು ಹುರಿದದ್ದು ನೋಡಲು ಚೆನ್ನ, ಆದರೆ ಕೆಟ್ಟ ಬೀಜದ ದೋಷ ಮುಚ್ಚಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

ಚಿಕೋರಿ ಕಾಫಿಯಲ್ಲ, ಒಂದು ಗಿಡದ ಬೇರು. ಹುರಿದು ಪುಡಿಮಾಡಿ ಬೆರೆಸುತ್ತಾರೆ. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಲೇಬೇಕು ಎಂಬ ನಿಯಮವಿದೆ. ಬಿಡಿ ಪುಡಿ ತಂದವರು ಒಂದು ಲೋಟ ತಣ್ಣೀರಿನ ಮೇಲೆ ಅರ್ಧ ಚಮಚ ಉದುರಿಸಿ ಅಲುಗಾಡಿಸದೆ ನೋಡಲಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕೆ ಇಳಿಯುತ್ತದೆ. ಹಾಗೆಂದು ಚಿಕೋರಿಯ ಮೇಲೆ ನನಗೇನೂ ಹಗೆಯಿಲ್ಲ. ಹಾಲು ಜಾಸ್ತಿ ಹಾಕುವ ಮನೆಯಲ್ಲಿ ಬರೀ ಅರೇಬಿಕಾ ಹಾಲಿನಡಿ ಕಳೆದುಹೋಗುತ್ತದೆ. ಅಲ್ಲಿಗೆ ಮುಕ್ಕಾಲು ಪಾಲು ಅರೇಬಿಕಾ, ಕಾಲು ಪಾಲು ತೊಳೆದ ರೊಬಸ್ಟಾ ಚೆನ್ನಾಗಿ ಒಪ್ಪುತ್ತದೆ. ಆಮೇಲೂ ಮಂದ ಸಾಲದು ಎನಿಸಿದರೆ ನೂರು ಗ್ರಾಂಗೆ ಹತ್ತು ಗ್ರಾಂ ಚಿಕೋರಿ ಹಾಕಿಸಿ, ಆದರೆ ಕಣ್ಣೆದುರೇ ತೂಗಿಸಿ. ಕಪ್ಪು ಕಾಫಿ ಕುಡಿಯುವವರು ಇದ್ಯಾವುದನ್ನೂ ಬೆರೆಸದೆ ಬರೀ ಬೆಟ್ಟದ ಅರೇಬಿಕಾವನ್ನು ಹದವಾಗಿ ಹುರಿಸಿಕೊಳ್ಳಲಿ.