ನಕಲು ಬೇರೆ, ಅನುವಾದ ಬೇರೆ

ಮಡಕಶಿರಾ ಸೀಮೆಯಲ್ಲಿ ಒಂದೇ ಮನೆಯ ಅಣ್ಣ ಕನ್ನಡದಲ್ಲಿ, ತಂಗಿ ತೆಲುಗಿನಲ್ಲಿ ಓದಿದ್ದುಂಟು. ಲೆಕ್ಕ, ಚರಿತ್ರೆ ಹೇಗೋ ದಾಟಿಹೋಗುತ್ತವೆ. ಜೀವಶಾಸ್ತ್ರದಲ್ಲಿ ಆರ್‌ಎನ್‌ಎ ಪಾಠ ಬಂತೆಂದರೆ ಇಬ್ಬರೂ ಒಂದೇ ಕಡೆ ಎಡವುತ್ತಾರೆ. ಟ್ರಾನ್ಸ್‌ಕ್ರಿಪ್ಷನ್, ಟ್ರಾನ್ಸ್‌ಲೇಷನ್ ಎಂದು ಎರಡು ಹೆಸರು. ತೆಲುಗು ಪುಸ್ತಕದಲ್ಲಿ ಅನುಲೇಖನಂ, ಅನುವಾದಂ. ಅಲ್ಲಿ ಎರಡಕ್ಕೂ ತಲೆ ‘ಟ್ರಾನ್ಸ್’, ಇಲ್ಲಿ ಎರಡಕ್ಕೂ ತಲೆ ‘ಅನು’. ರಾತ್ರಿಯೆಲ್ಲಾ ಉರು ಹೊಡೆದ ಹುಡುಗ ಬೆಳಿಗ್ಗೆ ಪರೀಕ್ಷೆಯಲ್ಲಿ ಅದಕ್ಕೆ ಇದನ್ನು, ಇದಕ್ಕೆ ಅದನ್ನು ಬರೆದು ಬರುತ್ತಾನೆ.

ಹಾಗೆ ನೋಡಿದರೆ ಈ ವ್ಯತ್ಯಾಸ ಗಡಿಯವರಾದ ನಮಗೆ ತಿಳಿದಷ್ಟು ಇನ್ಯಾರಿಗೂ ತಿಳಿಯಬಾರದು. ನಮ್ಮ ಕಡೆ ಭಜನೆಯವರ ನೋಟ್‌ಬುಕ್ ತೆಗೆದು ನೋಡಿ. ಹಾಡು ಕನ್ನಡದ್ದು, ಅಕ್ಷರ ತೆಲುಗಿನದು. ತಲಕಟ್ಟು ಬದಲಾಗಿರುತ್ತದೆ, ಕ, ತ ಮುಂತಾದ ಕೆಲವು ಅಕ್ಷರ ಬೇರೆ ರೂಪದಲ್ಲಿರುತ್ತವೆ. ಆದರೆ ಬಾಯಿಬಿಟ್ಟು ಓದಿದರೆ ಬರುವುದು ಕನ್ನಡವೇ. ಇದು ನಕಲು. ಅದೇ ಹಾಡನ್ನು ತೆಲುಗಿನವರಿಗೆ ಅರ್ಥವಾಗುವಂತೆ ತೆಲುಗು ಮಾತಿನಲ್ಲಿ ಕಟ್ಟುವುದು ಇನ್ನೊಂದು ಕೆಲಸ. ಅದು ಅನುವಾದ. ಮೊದಲನೆಯದಕ್ಕೆ ಕೈಬರಹ ಸಾಕು, ಎರಡನೆಯದಕ್ಕೆ ಎರಡು ಭಾಷೆ ಬಲ್ಲವನೊಬ್ಬ ಬೇಕು. ನಾನು ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವನು. ಎರಡೂ ಭಾಷೆಯಲ್ಲಿ ನಾಲ್ಕು ಸಾಲು ಬರೆಯುವವನಾದ್ದರಿಂದ ಈ ಪಾಠ ನನಗೆ ರುಚಿಸಿತು.

ಜೀವಕೋಶದೊಳಗೆ ನಡೆಯುವುದೂ ಇದೇ. ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳ ಬರಹ: ಎ, ಟಿ, ಜಿ, ಸಿ. ಕಡಲೆಕಾಯಿ ಗಿಡದ ಒಂದೊಂದು ಕೋಶದಲ್ಲೂ ಇಂಥ ಅಕ್ಷರಗಳು 250 ಕೋಟಿಗೂ ಮೇಲಿವೆ. ಆಂಧ್ರದಲ್ಲಿ ಅಡಂಗಲ್ ಅನ್ನುತ್ತಾರಲ್ಲ, ಕರ್ನಾಟಕದ ಪಹಣಿ ಇದ್ದಂತೆ, ಅದರ ಮೂಲ ದಫ್ತರು ಕಚೇರಿ ಬಿಟ್ಟು ಹೊರಗೆ ಬರುವುದಿಲ್ಲ. ರೈತನಿಗೆ ಸಿಗುವುದು ತನ್ನ ಸರ್ವೆ ನಂಬರಿನ ನಕಲು ಮಾತ್ರ. ಹಾಗೆಯೇ ಡಿಎನ್‌ಎಯ ಮೂಲ ಪ್ರತಿ ಕೋಶಕೇಂದ್ರದಲ್ಲೇ ಭದ್ರ. ಬೇಕಾದ ಒಂದು ತುಂಡಿಗೆ ಮಾತ್ರ ನಕಲು ತೆಗೆಯಲಾಗುತ್ತದೆ. ಆ ನಕಲೇ ಆರ್‌ಎನ್‌ಎ, ತೆಗೆಯುವ ಗುಮಾಸ್ತ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ.

ನಕಲು ತೆಗೆಯುವ ರೀತಿ ಬೆಲ್ಲದ ಅಚ್ಚಿನಂತೆ. ಅಚ್ಚಿನಲ್ಲಿ ತಗ್ಗಿದ್ದಲ್ಲಿ ಬೆಲ್ಲದಲ್ಲಿ ಉಬ್ಬು ಬರುತ್ತದೆ. ಡಿಎನ್‌ಎ ಎಳೆಯಲ್ಲಿ ಜಿ ಇದ್ದಲ್ಲಿ ನಕಲಿನಲ್ಲಿ ಸಿ, ಸಿ ಇದ್ದಲ್ಲಿ ಜಿ, ಟಿ ಇದ್ದಲ್ಲಿ ಎ. ಇನ್ನು ಎ ಇದ್ದಲ್ಲಿ ಟಿ ಬರಬೇಕಿತ್ತು, ಆದರೆ ಆರ್‌ಎನ್‌ಎ ಬರಹದಲ್ಲಿ ಟಿ ಎಂಬ ಅಕ್ಷರವೇ ಇಲ್ಲ, ಅದರ ಜಾಗದಲ್ಲಿ ಯು. ತಲಕಟ್ಟು ಬದಲಾದ ಹಾಗೆ, ಅಷ್ಟೇ. ಭಾಷೆ ಇನ್ನೂ ಅದೇ.

ಗಿಡದ ಬೇರು, ಎಲೆ, ಕಾಯಿ ಎಲ್ಲದರ ಕೋಶದಲ್ಲೂ ಇರುವ ದಫ್ತರು ಒಂದೇ. ಬೀಜದಲ್ಲಿ ಶೇಖರವಾಗುವ ಅರಾಚಿನ್ ಎಂಬ ಪ್ರೋಟೀನಿನ ಪುಟ ಎಲೆಯಲ್ಲೂ ಇದೆ. ಆದರೆ ಆ ಪುಟಕ್ಕೆ ಹೇರಳವಾಗಿ ನಕಲು ತೆಗೆಯುವುದು ಬೀಜ ಬಲಿಯುವಾಗ. ಎಲೆ ಎಲೆಯಾಗಿಯೂ ಬೀಜ ಬೀಜವಾಗಿಯೂ ಇರುವುದಕ್ಕೆ ಯಾವ ಪುಟಕ್ಕೆ ಎಲ್ಲಿ ನಕಲು ಎಂಬುದೇ ಬಹುಮಟ್ಟಿಗೆ ಕಾರಣ.

ಆರ್‌ಎನ್‌ಎಯಲ್ಲಿ ಮುಖ್ಯವಾಗಿ ಮೂರು ಬಗೆ. ಇಂಟರ್ ಓದುತ್ತಿದ್ದ ತಮ್ಮನ ಮಗಳು ಒಮ್ಮೆ ಕೇಳಿದಳು, “ದೊಡ್ಡಪ್ಪಾ, ಮೂರನ್ನೂ ಡಿಎನ್‌ಎಯಿಂದಲೇ ನಕಲು ತೆಗೀತಾರಂತೆ. ಹಂಗಾದ್ರೆ ಮೂರೂ ಅನುವಾದ ಆಗ್ತವಾ?” ಒಳ್ಳೆಯ ಪ್ರಶ್ನೆ. “ಇಲ್ಲಮ್ಮಾ, ಅನುವಾದ ಆಗೋದು ಒಂದೇ. ಉಳಿದ ಎರಡು ಅನುವಾದ ಮಾಡಿಸೋವು” ಎಂದೆ. ಆಗುವುದು ಎಮ್ಆರ್‌ಎನ್‌ಎ, ಅಂದರೆ ಸಂದೇಶ ಒಯ್ಯುವ ಓಲೆ. ಮಾಡಿಸುವವು ರೈಬೋಸೋಮಿನ ಆರ್‌ಆರ್‌ಎನ್‌ಎ ಮತ್ತು ದುಭಾಷಿಯಾದ ಟಿಆರ್‌ಎನ್‌ಎ. ಮಕ್ಕಳು ತಪ್ಪುವುದು ಬಹಳ ಸಲ ಇಲ್ಲಿಯೇ. ಕೋಶದಲ್ಲಿರುವ ಆರ್‌ಎನ್‌ಎಯಲ್ಲಿ ಸುಮಾರು ನೂರಕ್ಕೆ 80ರಷ್ಟು ಆರ್‌ಆರ್‌ಎನ್‌ಎ. ಹೆಸರು ಜಾಸ್ತಿ ಕೇಳಿಬರುವ ಎಮ್ಆರ್‌ಎನ್‌ಎ ಇರುವುದು ಕೆಲವೇ ಪಾಲು.

ಈಗ ಅನುವಾದ. ಓಲೆಯ ಭಾಷೆಯಲ್ಲಿ ಅಕ್ಷರ ನಾಲ್ಕು, ಪ್ರೋಟೀನಿನ ಭಾಷೆಯಲ್ಲಿ ಅಮೈನೋ ಆಮ್ಲಗಳು 20. ಓಲೆಯನ್ನು ಮೂರು ಮೂರು ಅಕ್ಷರವಾಗಿ ಓದಬೇಕು. ನಾಲ್ಕು ಅಕ್ಷರಗಳಿಂದ ಮೂರಕ್ಷರದ ಪದ 64 ಆಗುತ್ತವೆ. ಅದರಲ್ಲಿ 61ಕ್ಕೆ ಅಮೈನೋ ಆಮ್ಲದ ಅರ್ಥ, 3ಕ್ಕೆ ‘ನಿಲ್ಲು’ ಎಂಬ ಅರ್ಥ. ಡಿಎನ್‌ಎಯ ಅಚ್ಚಿನ ಎಳೆ ಟಿಎಸಿ-ಎಎಎ-ಸಿಸಿಜಿ-ಎಟಿಟಿ ಎಂದಿದ್ದರೆ ನಕಲು ಎಯುಜಿ-ಯುಯುಯು-ಜಿಜಿಸಿ-ಯುಎಎ ಆಗುತ್ತದೆ. ಎಯುಜಿ ಎಂದರೆ ಶುರು ಮಾಡು, ಮೆಥಿಯೋನಿನ್ ಇಡು. ಯುಯುಯು ಎಂದರೆ ಫಿನೈಲ್ ಅಲನಿನ್. ಜಿಜಿಸಿ ಎಂದರೆ ಗ್ಲೈಸಿನ್. ಯುಎಎ ಎಂದರೆ ನಿಲ್ಲು.

ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ ಎಂಬುದು ನೆನಪಿರಲಿ. ‘ಬೆಳೆಗೆ ಮಳೆಯು ಬರಲಿ’ ಎಂಬ ಸಾಲನ್ನು ಮೂರು ಮೂರು ಅಕ್ಷರವಾಗಿ ಓದಿ. ಈಗ ‘ಗೆ’ ಒಂದನ್ನು ಕಿತ್ತುಹಾಕಿ ಅದೇ ರೀತಿ ಓದಿ: ‘ಬೆಳೆಮ ಳೆಯುಬ ರಲಿ.’ ಒಂದಕ್ಷರ ಬಿದ್ದುಹೋದರೆ ಅಲ್ಲಿಂದ ಮುಂದಿನದೆಲ್ಲಾ ಹಾಳು. ಜೀನಿನಲ್ಲೂ ಹೀಗೇ ಆಗುತ್ತದೆ.

ಯುಯುಯು ಪದದ ಅರ್ಥವನ್ನು 1961ರಲ್ಲಿ ಮೊದಲು ಬಿಡಿಸಿದವರು ಅಮೆರಿಕದ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಅವರೊಡನಿದ್ದ ಜರ್ಮನಿಯ ಹೈನ್ರಿಕ್ ಮಟ್ಟೈ. ಉಳಿದ ಪದಗಳ ನಿಘಂಟು ಮುಗಿಸಲು ಬೇಕಾದ ಆರ್‌ಎನ್‌ಎಗಳನ್ನು ಕೈಯಾರೆ ಕಟ್ಟಿಕೊಟ್ಟವರಲ್ಲಿ ನಮ್ಮ ಹರಗೋವಿಂದ ಖೊರಾನಾ ಮುಖ್ಯರು. ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದವರು. 1968ರ ನೊಬೆಲ್ ಬಹುಮಾನವನ್ನು ನಿರೆನ್‌ಬರ್ಗ್ ಮತ್ತು ರಾಬರ್ಟ್ ಹೋಲಿ ಅವರೊಡನೆ ಹಂಚಿಕೊಂಡರು. ರೈಬೋಸೋಮಿನ ರಚನೆ ತೋರಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ರೈಬೋಸೋಮಿನೊಳಗೆ ಅಮೈನೋ ಆಮ್ಲಗಳಿಗೆ ಕೊಂಡಿ ಹಾಕುವ ಕೈ ಪ್ರೋಟೀನಿನದಲ್ಲ, ಆರ್‌ಆರ್‌ಎನ್‌ಎಯದೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪಾತ್ರ ದುಭಾಷಿಯದು. ಟಿಆರ್‌ಎನ್‌ಎಯ ಒಂದು ಕಡೆ ಓಲೆಯ ಮೂರಕ್ಷರಕ್ಕೆ ಹೊಂದುವ ಮೂರಕ್ಷರ, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ. ಸರಿಯಾದ ಆಮ್ಲವನ್ನು ಅದರ ಹೆಗಲಿಗೆ ಹೊರಿಸುವ ಕಿಣ್ವಗಳು ಬೇರೆ ಇವೆ. 1962ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಚೇಷ್ಟೆಯ ಪ್ರಯೋಗ ಮಾಡಿದರು. ಸಿಸ್ಟೀನ್ ಹೊತ್ತಿದ್ದ ಟಿಆರ್‌ಎನ್‌ಎಯ ಹೆಗಲ ಮೇಲೆಯೇ ಆ ಸಿಸ್ಟೀನನ್ನು ಅಲನಿನ್ ಆಗಿ ಮಾರ್ಪಡಿಸಿಬಿಟ್ಟರು. ರೈಬೋಸೋಮ್ ಕೇಳಲೇ ಇಲ್ಲ. ಸಿಸ್ಟೀನ್ ಬರಬೇಕಾದಲ್ಲಿ ಅಲನಿನನ್ನು ಪೋಣಿಸಿತು. ಅದು ನೋಡುವುದು ದುಭಾಷಿಯ ಗುರುತು, ಹೊರೆಯನ್ನಲ್ಲ. ಅನುವಾದಕನನ್ನು ನಂಬಿ ಅಚ್ಚು ಹಾಕುವ ಮುದ್ರಣಾಲಯದವರು ನೆನಪಾದರು.

ಇಷ್ಟೆಲ್ಲಾ ಒಬ್ಬ ರೈತನಿಗೆ ಯಾತಕ್ಕೆ ಎಂದು ಕೇಳಬಹುದು. 2000ನೇ ಇಸವಿಯ ಮುಂಗಾರು ನೆನೆಸಿಕೊಳ್ಳಿ. ಮಡಕಶಿರಾ ಆಗ ಅನಂತಪುರ ಜಿಲ್ಲೆಯಲ್ಲೇ ಇತ್ತು, ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದದ್ದು 2022ರಲ್ಲಿ. ಕಡಲೆಕಾಯಿ ಗಿಡದ ಸುಳಿ ಕರಗಿ, ಕಾಂಡ ಕಪ್ಪಾಗಿ ಒಣಗತೊಡಗಿತು. ತೆಲುಗಿನಲ್ಲಿ ಕಾಂಡಂ ಕುಳ್ಳು ತೆಗುಲು ಅಂದರು. ಜಿಲ್ಲೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರಿಗೆ ರೋಗ ತಗುಲಿ, 300 ಕೋಟಿ ರೂಪಾಯಿಗೂ ಮೀರಿ ನಷ್ಟವೆಂದು ಅಂದಾಜಾಯಿತು. ಅಂಗಡಿಯವರು ಕೊಟ್ಟದ್ದನ್ನೆಲ್ಲಾ ಹೊಡೆದೆವು. ಪಕ್ಕದ ಹೊಲದ ಮಾವ ಕೇಳಿದ್ದು ಇನ್ನೂ ಕಿವಿಯಲ್ಲಿದೆ: “ಏನಪ್ಪಾ, ಇಷ್ಟು ದುಡ್ಡು ಸುರಿದ್ರೂ ಒಂದು ಎಲೆನೂ ಚಿಗುರಲಿಲ್ವಲ್ಲ?”

ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ಕಾರಣ ಹುಡುಕಿದಾಗ ಸಿಕ್ಕಿದ್ದು ಟೊಬ್ಯಾಕೋ ಸ್ಟ್ರೀಕ್ ವೈರಸ್. ಅದರಲ್ಲಿ ಡಿಎನ್‌ಎ ಇಲ್ಲ. ಇರುವುದು ಮೂರು ತುಂಡು ಆರ್‌ಎನ್‌ಎ, ಎಲ್ಲಾ ಸೇರಿ ಎಂಟೂವರೆ ಸಾವಿರದಷ್ಟು ಅಕ್ಷರ. ಗಿಡದ 250 ಕೋಟಿಯ ಮುಂದೆ ಇದೇನು ಲೆಕ್ಕ! ಆದರೆ ಆ ಆರ್‌ಎನ್‌ಎ ನೇರವಾಗಿ ಓಲೆಯ ರೂಪದಲ್ಲೇ ಇದೆ. ದಫ್ತರಿನಿಂದ ನಕಲು ತೆಗೆಯುವ ಹಂತವೇ ಅದಕ್ಕೆ ಬೇಡ. ರೈಬೋಸೋಮೂ ಇಲ್ಲ, ದುಭಾಷಿಯೂ ಇಲ್ಲ, ಎಲ್ಲಾ ಗಿಡದವೇ. ಓಲೆ ಯಾರದು ಎಂದು ಗಿಡದ ರೈಬೋಸೋಮ್ ವಿಚಾರಿಸುವುದಿಲ್ಲ, ಓದಿ ವೈರಸ್ಸಿನ ಪ್ರೋಟೀನನ್ನು ಕಟ್ಟಿಕೊಡುತ್ತದೆ. ಆ ಪ್ರೋಟೀನುಗಳ ಬಲದಿಂದ ವೈರಸ್ ತನ್ನ ಓಲೆಗೆ ಸಾವಿರಾರು ಪ್ರತಿ ತೆಗೆಸಿಕೊಳ್ಳುತ್ತದೆ.

ಮಾವನ ಪ್ರಶ್ನೆಗೆ ಉತ್ತರ ಇಲ್ಲಿದೆ. ಟೆಟ್ರಾಸೈಕ್ಲಿನ್, ಸ್ಟ್ರೆಪ್ಟೋಮೈಸಿನ್‌ನಂಥ ಔಷಧಗಳು ಬ್ಯಾಕ್ಟೀರಿಯಾದ ರೈಬೋಸೋಮನ್ನು ಹಿಡಿದು ನಿಲ್ಲಿಸುತ್ತವೆ, ಏಕೆಂದರೆ ಅದು ನಮ್ಮ ರೈಬೋಸೋಮಿಗಿಂತ ಸ್ವಲ್ಪ ಭಿನ್ನ. ವೈರಸ್ಸಿಗೆ ತನ್ನದೇ ರೈಬೋಸೋಮ್ ಇದ್ದರಲ್ಲವೇ ನಿಲ್ಲಿಸುವುದು? ಗಿಡದ ರೈಬೋಸೋಮನ್ನೇ ಕಟ್ಟಿಹಾಕಿದರೆ ವೈರಸ್ಸಿನ ಜೊತೆ ಗಿಡವೂ ಹೋಗುತ್ತದೆ. ಶಿಲೀಂಧ್ರದ ಔಷಧಕ್ಕಂತೂ ಇಲ್ಲಿ ಕೆಲಸವೇ ಇಲ್ಲ.

ಕೊರೊನಾ ಕಾಲದಲ್ಲಿ ಎಮ್ಆರ್‌ಎನ್‌ಎ ಲಸಿಕೆಯ ಬಗ್ಗೆ ಎದ್ದ ಗುಲ್ಲಿಗೂ ಇದೇ ಪಾಠ ಸಾಕು. ಆ ಲಸಿಕೆ ಒಂದು ಓಲೆ. ಕೋಶಕೇಂದ್ರದ ಹೊರಗೆ ಓದಿಸಿಕೊಂಡು ಕೆಲ ದಿನಗಳಲ್ಲಿ ಹರಿದುಹೋಗುತ್ತದೆ, ದಫ್ತರಿನ ತನಕ ಹೋಗುವುದಿಲ್ಲ. ಅದಕ್ಕೆ ದಾರಿ ಮಾಡಿದ ಕ್ಯಾಟಲಿನ್ ಕರಿಕೊ, ಡ್ರೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂತು.

ಓಲೆ ಒಳಗೆ ಹೊಕ್ಕ ಮೇಲೆ ತಡೆಯಲಾಗದು, ಆದ್ದರಿಂದ ಹೊಗದಂತೆ ನೋಡಿಕೊಳ್ಳಬೇಕು. ಈ ವೈರಸ್ ಹೊಲದ ಬದುವಿನ ಪಾರ್ಥೇನಿಯಂ ಗಿಡದಲ್ಲಿ ಮನೆ ಮಾಡಿರುತ್ತದೆ. ನಾವು ಕಾಂಗ್ರೆಸ್ ಗಿಡ ಎನ್ನುವುದು, ತೆಲುಗಿನವರು ವಯ್ಯಾರಿಭಾಮ ಎನ್ನುವುದು ಇದನ್ನೇ. ಅದರ ಪರಾಗ ಗಾಳಿಯಲ್ಲಿ ಬಂದು ಕಡಲೆಕಾಯಿ ಎಲೆಯ ಮೇಲೆ ಕೂರುತ್ತದೆ. ಥ್ರಿಪ್ಸ್ ನುಸಿ ಎಲೆಯನ್ನು ಕೆರೆದಾಗ ಆ ಗಾಯದಿಂದ ವೈರಸ್ ಒಳಗಿಳಿಯುತ್ತದೆ. ಆದ್ದರಿಂದ ಮೊದಲ ಮಳೆಗೆ ಎದ್ದ ಪಾರ್ಥೇನಿಯಂ ಅನ್ನು ಹೂ ಬಿಡುವ ಮುಂಚೆ ಕೀಳಬೇಕು, ನಮ್ಮ ಹೊಲದ್ದಷ್ಟೇ ಅಲ್ಲ, ದಾರಿ ಬದಿಯದನ್ನೂ ಬೀಳು ನೆಲದ್ದನ್ನೂ. ಹೊಲದ ಸುತ್ತ ಕೆಲವು ಸಾಲು ಜೋಳವನ್ನೋ ಸಜ್ಜೆಯನ್ನೋ ಒತ್ತಾಗಿ ಹಾಕಿದರೆ ಗಾಳಿಯಲ್ಲಿ ಬರುವ ನುಸಿಗೆ ಅಡ್ಡಿಯಾಗುತ್ತದೆ. ಆ ಸಾಲುಗಳನ್ನು ಕಡಲೆಕಾಯಿಯ ಜೊತೆಗೇ ಬಿತ್ತಬೇಕು. ತಡವಾಗಿ ಬಿತ್ತಿದರೆ ಅಡ್ಡಗೋಡೆ ಏಳುವ ಹೊತ್ತಿಗೆ ನುಸಿ ಒಳಗಿರುತ್ತದೆ.